ಕಾಫಿಗೆ ಬಂದು ರೇಷ್ಮೆಗೆ ಒದಗಿದ ಹುಳು

ಮೈಸೂರು ನಗರದ ಕೀರ್ತಿಯನ್ನು ಹೊರನಾಡುಗಳಿಗೆ ಕೊಂಡೊಯ್ದ ವಸ್ತುಗಳಲ್ಲಿ ರೇಷ್ಮೆಯು ಅಗ್ರಗಣ್ಯವಾದುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಮಾನಂದವಾಡಿ ರಸ್ತೆಯಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯ ಚರಿತ್ರೆಯನ್ನು ಅನೇಕರು ಬರೆದಿದ್ದಾರೆ. ಸೀರೆಯನ್ನು ಉಟ್ಟವರು ನೇಕಾರನ ಕೈಚಳಕವನ್ನು ಮೆಚ್ಚುವುದುಂಟು. ಗೂಡಿನಿಂದ ನೂಲು ಬಿಚ್ಚುವವರ ಶ್ರಮವನ್ನು ಸ್ಮರಿಸುವವರು ಅವರಿಗಿಂತ ಕಡಮೆ. ಹಗಲಿರುಳು ಹುಳು ಮೇಯಿಸುವ ರೈತನ ಮನೆಯನ್ನು ನೆನೆಯುವವರು ಇನ್ನೂ ಕಡಮೆ. ಆ ಹುಳುಗಳ ಏಕಮಾತ್ರ ಆಹಾರವಾದ ಹಿಪ್ಪುನೇರಳೆ ಸೊಪ್ಪನ್ನು ಕಾಯುವ, ಸಾಸುವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಕೀಟವನ್ನು ನೆನೆಯುವವರಂತೂ ಇಲ್ಲವೆಂದೇ ಹೇಳಬೇಕು.

ಈ ಕೀಟವು ನಮ್ಮ ನೆಲದ್ದಲ್ಲ. ಆಸ್ಟ್ರೇಲಿಯಾದಿಂದ 1898ರಲ್ಲಿ ಇದನ್ನು ದಕ್ಷಿಣ ಭಾರತಕ್ಕೆ ತಂದರು. ತಂದುದು ರೇಷ್ಮೆಗಾಗಿ ಅಲ್ಲ, ಕಾಫಿಗಾಗಿ. ತಂದವರ ಉದ್ದೇಶ ನೆರವೇರಲಿಲ್ಲ; ಕೀಟವನ್ನು ನಿಷ್ಪ್ರಯೋಜಕವೆಂದು ಮರೆತರು. ಸುಮಾರು ಎಂಬತ್ತು ವರ್ಷಗಳ ತರುವಾಯ ಅದೇ ಕೀಟವು ಕರ್ನಾಟಕದ ತೋಟಗಳಲ್ಲಿ ಮತ್ತೆ ಕಣ್ಣಿಗೆ ಬಿದ್ದು, ವಿಷವನ್ನು ಧಾರಾಳವಾಗಿ ಬಳಸಲಾಗದ ಬೆಳೆಯೊಂದಕ್ಕೆ ಆಸರೆಯಾಯಿತು. ಸೋಲೆಂದು ಬರೆದಿಟ್ಟುದು ಹೇಗೆ ಸಂಪತ್ತಾಯಿತು, ಅದಕ್ಕೆ ಯಾರ ಎಂತಹ ದೃಷ್ಟಿ ಬೇಕಾಯಿತು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಶತ್ರುವಿನ ಪರಿಚಯ

ಗಿಡದ ಎಲೆ, ಕಾಂಡ, ಕಾಯಿಗಳಿಗೆ ಅಂಟಿಕೊಂಡು, ಸೂಜಿಯಂತಹ ಬಾಯಿಯನ್ನು ಚುಚ್ಚಿ ರಸ ಹೀರಿ ಬದುಕುವ ಕೀಟಗಳ ಒಂದು ದೊಡ್ಡ ಬಳಗವುಂಟು. ಇವುಗಳಲ್ಲಿ ಕೆಲವು ಮೈಮೇಲೆ ಹುರುಪೆಯಂತಹ ಚಿಪ್ಪನ್ನು ಹೊದ್ದಿರುತ್ತವೆ. ಇವಕ್ಕೆ ಶಲ್ಕ ಕೀಟಗಳೆಂದು ಹೆಸರು. ಇನ್ನು ಕೆಲವು ಅಕ್ಕಿಹಿಟ್ಟು ಚೆಲ್ಲಿದಂತೆ ಕಾಣುವ ಬಿಳಿಯ ಮೇಣವನ್ನು ಮೈಗೆಲ್ಲ ಬಳಿದುಕೊಂಡಿರುತ್ತವೆ. ಇವನ್ನು ರೈತರು ಹಿಟ್ಟು ತಿಗಣೆಗಳೆಂದು ಕರೆಯುತ್ತಾರೆ. ಎರಡೂ ಒಂದೇ ವಂಶದ ದಾಯಾದಿಗಳು. ಇವುಗಳ ಹೆಣ್ಣಿಗೆ ರೆಕ್ಕೆಯಿಲ್ಲ. ಒಮ್ಮೆ ಸ್ಥಳ ಹಿಡಿಯಿತೆಂದರೆ ಬಹುಮಟ್ಟಿಗೆ ಅಲ್ಲಿಯೇ ಅದರ ಸಂಸಾರ. ಹೀರಿದ ರಸದಲ್ಲಿ ತನಗೆ ಬೇಡವಾದ ಸಿಹಿಯನ್ನು ಅದು ಹನಿಹನಿಯಾಗಿ ಹೊರಚೆಲ್ಲುತ್ತದೆ. ಆ ಸಿಹಿಗಾಗಿ ಇರುವೆಗಳು ಮುತ್ತಿ, ಹಸುವನ್ನು ಕಾಯುವ ಗೋಪಾಲರಂತೆ ಈ ಕೀಟಗಳನ್ನು ಕಾಯುತ್ತವೆ. ಎಲೆಯ ಮೇಲೆ ಬಿದ್ದ ಸಿಹಿಯಲ್ಲಿ ಕಪ್ಪು ಬೂಜು ಬೆಳೆದು ಗಿಡದ ಉಸಿರನ್ನೇ ಕಟ್ಟುತ್ತದೆ.

ಇಡೀ ಬಳಗವೇ ಕೇಡಿಗವೆಂದು ಭಾವಿಸಬಾರದು. ನಮ್ಮ ಆಟಿಕೆಗಳಿಗೂ ಬಳೆಗಳಿಗೂ ಮೆರುಗು ಕೊಡುವ ಅರಗು ಇದೇ ಬಳಗದ ಕೀಟವೊಂದರ ಕೊಡುಗೆ. ಕಿರಮಂಜಿ ಬಣ್ಣವನ್ನು ಕೊಡುವ ಕಾಚಿನಿಯಲ್ ಕೀಟವೂ ಇದೇ ಕುಲದ್ದು. ಹೊಲಗದ್ದೆಗಳನ್ನು ಆಕ್ರಮಿಸಿದ್ದ ಪಾಪಾಸುಕಳ್ಳಿಯನ್ನು ನಿರ್ಮೂಲಗೊಳಿಸಲು 1926ರಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ತಂದುದು ಕಾಚಿನಿಯಲ್ ಜಾತಿಯ ಒಂದು ಕೀಟವನ್ನೇ. ಕೆಲವೇ ವರ್ಷಗಳಲ್ಲಿ ಅದು ಕಳ್ಳಿಯ ಮೆಳೆಗಳನ್ನು ಒಣಗಿಸಿ ನೆಲವನ್ನು ರೈತರಿಗೆ ಮರಳಿಸಿತು.

ಶಲ್ಕ ಕೀಟಗಳಿಗೂ ಹಿಟ್ಟು ತಿಗಣೆಗಳಿಗೂ ಸಹಜವಾದ ವೈರಿಗಳೆಂದರೆ ಗುಲಗಂಜಿ ಹುಳುಗಳು. ಗುಂಡಾದ ಬೆನ್ನು, ನುಣುಪಾದ ಮೈ, ಅನೇಕ ಜಾತಿಗಳಲ್ಲಿ ಕೆಂಪು ಕಪ್ಪುಗಳ ಬೆರಕೆ ಇರುವುದರಿಂದ ಈ ದುಂಬಿಗಳಿಗೆ ಗುಲಗಂಜಿಯ ಹೆಸರು ಬಂದಿದೆ. ಇವುಗಳಲ್ಲಿ ಸಾವಿರಾರು ಜಾತಿಗಳುಂಟು. ಒಂದೊಂದು ಜಾತಿಗೂ ತನ್ನದೇ ಆದ ಆಹಾರನಿಯಮವಿದೆ. ಈ ನಿಯಮವನ್ನು ಅರಿಯದೆ ಹೋದುದೇ ನಮ್ಮ ಕಥೆಯ ಮೊದಲ ಘಟ್ಟದ ಸೋಲಿಗೆ ಕಾರಣವಾಯಿತು.

ಪರದೇಶದ ಒಂದು ಗೆಲುವು

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಕಿತ್ತಳೆ ತೋಟಗಳು 1880ರ ದಶಕದಲ್ಲಿ ನಾಶದ ಅಂಚಿಗೆ ಬಂದಿದ್ದವು. ಹತ್ತಿಯ ಮೆತ್ತೆಯಂತಹ ಮೊಟ್ಟೆಚೀಲವನ್ನು ಹೊರುವ ಐಸೀರಿಯ ಪರ್ಚೇಸಿ ಎಂಬ ಶಲ್ಕ ಕೀಟವು ಆಸ್ಟ್ರೇಲಿಯಾದಿಂದ ಗಿಡಗಳೊಡನೆ ಬಂದು ಅಲ್ಲಿ ನೆಲಸಿತ್ತು. ಅದು ತವರಿನಲ್ಲಿ ಅಷ್ಟೊಂದು ಹಾವಳಿ ಮಾಡದೆ, ಹೊರನಾಡಿನಲ್ಲಿ ಮಾತ್ರ ಏಕೆ ಮಾರಿಯಾಯಿತು? ತವರಿನಲ್ಲಿ ಅದನ್ನು ತಿಂದು ಮಿತಿಯಲ್ಲಿಡುವ ವೈರಿ ಇರಲೇಬೇಕೆಂದು ತರ್ಕಿಸಿದ ಕೀಟಶಾಸ್ತ್ರಜ್ಞ ಚಾರ್ಲ್ಸ್ ರೈಲಿ ಅವರು ಆಲ್ಬರ್ಟ್ ಕೀಬೆಲೆ ಎಂಬುವರನ್ನು 1888ರಲ್ಲಿ ಆಸ್ಟ್ರೇಲಿಯಾಕ್ಕೆ ಕಳುಹಿಸಿದರು. ಕೀಬೆಲೆಯವರು ಅಲ್ಲಿ ಕಂಡ ವೆಡಾಲಿಯ ಎಂಬ ಕೆಂಪು ಗುಲಗಂಜಿ ಹುಳುಗಳನ್ನು ಹಡಗಿನಲ್ಲಿ ಕಳುಹಿಸಿಕೊಟ್ಟರು. ಲಾಸ್ ಏಂಜಲಿಸ್ ನಗರದ ತೋಟದಲ್ಲಿ ಬಿಟ್ಟ ನೂರಾರು ಹುಳುಗಳು ಒಂದೆರಡು ವರ್ಷಗಳಲ್ಲಿ ಪ್ರಾಂತದ ಕಿತ್ತಳೆಯನ್ನೆಲ್ಲ ಉಳಿಸಿದವು.

ಈ ವಾರ್ತೆ ಲೋಕದ ತೋಟಗಾರರನ್ನೆಲ್ಲ ಬೆರಗುಗೊಳಿಸಿತು. ಕೀಬೆಲೆಯವರು 1891ರಲ್ಲಿ ಮರಳಿ ಆಸ್ಟ್ರೇಲಿಯಾಕ್ಕೆ ಹೋಗಿ ಬೇರೆ ಜಾತಿಗಳನ್ನೂ ಕಳುಹಿಸಿದರು. ಅವುಗಳಲ್ಲಿ ಒಂದು ನಮ್ಮ ಕಥಾನಾಯಕ, ಕ್ರಿಪ್ಟೋಲೀಮಸ್ ಮಾಂಟ್ರೂಜಿಯರಿ. ಹೆಸರಿನ ಉತ್ತರಾರ್ಧವು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಧರ್ಮಪ್ರಚಾರಕ್ಕಾಗಿ ನೆಲಸಿ, ಜೊತೆಗೆ ಅಲ್ಲಿಯ ಜೀವಿಗಳನ್ನೂ ಸಸ್ಯಗಳನ್ನೂ ಸಂಗ್ರಹಿಸಿದ ಝೇವಿಯರ್ ಮಾಂಟ್ರೂಜಿಯೆ ಎಂಬ ಫ್ರೆಂಚ್ ಪಾದ್ರಿಯನ್ನು ಸ್ಮರಿಸುತ್ತದೆ. ಲೋಕವನ್ನು ತ್ಯಜಿಸಿದವರೂ ಲೋಕದ ಅಲ್ಪ ಜೀವಿಗಳನ್ನು ಆದರದಿಂದ ನೋಡಿದುದಕ್ಕೆ ಇದೊಂದು ನಿದರ್ಶನ.

1898ರ ಅತಿಥಿ

ಇತ್ತ ನಮ್ಮ ದೇಶದಲ್ಲಿ ಕಾಫಿಯ ಬೆಳೆಗಾರರು ಸಂಕಟದಲ್ಲಿದ್ದರು. ಸಿಂಹಳದ ಕಾಫಿ ತೋಟಗಳು 1869ರಿಂದ ಎಲೆತುಕ್ಕು ರೋಗಕ್ಕೆ ಸಿಕ್ಕಿ ಕುಸಿದಿದ್ದವು. ಅಳಿದುಳಿದ ಗಿಡಗಳ ಮೇಲೆ ಹಸಿರು ಶಲ್ಕ ಕೀಟವು ಎರಗಿತು. ಅದೇ ಕೀಟ ದಕ್ಷಿಣ ಭಾರತದ ತೋಟಗಳನ್ನೂ ಹೊಕ್ಕಿತು. ಕ್ಯಾಲಿಫೋರ್ನಿಯದ ಗೆಲುವನ್ನು ಕೇಳಿದ ಬೆಳೆಗಾರರಿಗೆ ಇಲ್ಲಿಯೂ ಅದೇ ಉಪಾಯ ಫಲಿಸಬಹುದೆಂಬ ಆಸೆ ಮೂಡಿದುದು ಸಹಜ. ಎಚ್. ಓ. ನ್ಯೂಪೋರ್ಟ್ ಎಂಬ ಕೀಟಾಸಕ್ತರು 1898ರಲ್ಲಿ ಆಸ್ಟ್ರೇಲಿಯಾದಿಂದ ಕ್ರಿಪ್ಟೋಲೀಮಸ್ ಹುಳುವನ್ನು ತರಿಸಿ ಬಿಟ್ಟರು.

ಹಸಿರು ಶಲ್ಕ ಕೀಟವು ಕಡಮೆಯಾಗಲಿಲ್ಲ. ಇದಕ್ಕೆ ಕಾರಣವನ್ನು ಇಂದು ನಾವು ಬಲ್ಲೆವು. ಕ್ರಿಪ್ಟೋಲೀಮಸ್ ಹೆಣ್ಣು ತನ್ನ ಮೊಟ್ಟೆಗಳನ್ನು ಬರಿಯ ಎಲೆಯ ಮೇಲೆ ಇಡಲು ಒಪ್ಪುವುದಿಲ್ಲ. ಹತ್ತಿಯಂತಹ ಮೇಣದ ಎಳೆಗಳ ನಡುವೆ, ವಿಶೇಷವಾಗಿ ಹಿಟ್ಟು ತಿಗಣೆಯ ಮೊಟ್ಟೆಚೀಲದಲ್ಲಿ, ತನ್ನ ಮೊಟ್ಟೆಯನ್ನು ಹುದುಗಿಸುತ್ತದೆ. ಮರಿ ಹೊರಬಂದೊಡನೆ ತಿಗಣೆಯ ಮೊಟ್ಟೆಗಳೇ ಅದರ ಮೊದಲ ತುತ್ತು. ಕಾಫಿಯ ಹಸಿರು ಶಲ್ಕ ಕೀಟಕ್ಕೆ ಇಂತಹ ಬಿಳಿಯ ಮೊಟ್ಟೆಚೀಲವಿಲ್ಲ. ಅತಿಥಿಗೆ ಊಟವನ್ನು ತೋರಿಸಿದರೂ ತೊಟ್ಟಿಲು ಕಟ್ಟಲು ಜಾಗ ದೊರೆಯಲಿಲ್ಲ. ಕೀಟವು ತನ್ನ ಸ್ವಭಾವಕ್ಕೆ ತಪ್ಪಿ ನಡೆಯಲಿಲ್ಲ. ಅದರ ಸ್ವಭಾವವನ್ನು ಮೊದಲು ಕೇಳಿ ತಿಳಿಯುವ ಕೆಲಸ ಆ ಕಾಲದಲ್ಲಿ ನಡೆದಿರಲಿಲ್ಲ.

ಅಲ್ಲಿಗೆ ಮನುಷ್ಯರ ಲೆಕ್ಕ ಮುಗಿಯಿತು, ಹುಳುವಿನ ಬದುಕು ಮುಗಿಯಲಿಲ್ಲ. ದಕ್ಷಿಣ ಭಾರತದ ಗಿಡಮರಗಳ ಮೇಲಿನ ಹಿಟ್ಟು ತಿಗಣೆಗಳನ್ನು ಹುಡುಕಿಕೊಂಡು ಅದು ಸದ್ದಿಲ್ಲದೆ ಸಂಸಾರ ಬೆಳೆಸಿತು. ಯಾರ ಅಪ್ಪಣೆಯೂ ಆರೈಕೆಯೂ ಇಲ್ಲದೆ ಈ ನೆಲದ ನಿವಾಸಿಯಾಯಿತು.

ಮೈಸೂರು ಸಂಸ್ಥಾನದ ಉದ್ಯೋಗ

ಇದೇ ಅವಧಿಯಲ್ಲಿ ಮೈಸೂರು ಸಂಸ್ಥಾನವು ಕೀಟಶಾಸ್ತ್ರಕ್ಕೆ ಭದ್ರವಾದ ತಳಹದಿಯನ್ನು ಹಾಕಿತು. ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಸಂಸ್ಥಾನದ ಸೇವೆಗೆ ಬಂದರು. ಅಡಕೆಯ ಕೊಳೆರೋಗದ ಮೇಲೆ ಅವರು ನಡೆಸಿದ ಸಂಶೋಧನೆಯನ್ನು ಮಲೆನಾಡಿನವರು ಇಂದಿಗೂ ನೆನೆಯುತ್ತಾರೆ. ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವ ಪದ್ಧತಿ ಅವರಿಂದ ಅಲ್ಲಿ ಬೇರೂರಿತು. ಕೋಲ್ಮನ್ ಮತ್ತು ಕೆ. ಕುಂಞಿಕಣ್ಣನ್ ಅವರು ಕೂಡಿ ದಕ್ಷಿಣ ಭಾರತದ ಕಾಫಿಯನ್ನು ಬಾಧಿಸುವ ಶಲ್ಕ ಕೀಟಗಳನ್ನು ಕುರಿತ ಒಂದು ಪ್ರಕಟಣೆಯನ್ನು 1918ರಲ್ಲಿ ಮೈಸೂರು ಕೃಷಿ ಇಲಾಖೆಯಿಂದ ಹೊರತಂದರು. ಅವುಗಳ ಹೆಸರು, ರೂಪ, ಜೀವನಕ್ರಮಗಳನ್ನು ಕ್ರಮವಾಗಿ ಅರಿಯುವ ಕಾರ್ಯ ಹೀಗೆ ನಮ್ಮ ನೆಲದಲ್ಲಿಯೇ ಮೊದಲಾಯಿತು.

ರಂಭಾಪುರಿ ಪೀಠದಿಂದ ನಾಡಿಗೆಲ್ಲ ಪರಿಚಿತವಾದ ಬಾಳೆಹೊನ್ನೂರಿನ ಬಳಿ 1925ರಲ್ಲಿ ಸಂಸ್ಥಾನವು ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಅದೇ ಬೆಳೆದು ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ನಮ್ಮ ಹುಳುವಿನ ಕಥೆ ಮುಂದೆ ಈ ಕೇಂದ್ರವನ್ನು ಮತ್ತೊಮ್ಮೆ ಹಾದುಹೋಗಲಿದೆ.

1928ರ ಸುಮಾರಿಗೆ ನಮ್ಮ ನೆರೆಯ ನೀಲಗಿರಿ ಬೆಟ್ಟಗಳಲ್ಲಿ ಐಸೀರಿಯ ಕಾಣಿಸಿಕೊಂಡಿತು. ಚರ್ಮ ಹದಮಾಡುವ ತೊಗಟೆಗಾಗಿ ಬೆಳೆಸಿದ್ದ ವಾಟಲ್ ಮರಗಳನ್ನು ಅದು ಮುತ್ತಿತು. ಕ್ಯಾಲಿಫೋರ್ನಿಯವನ್ನು ಕಾಪಾಡಿದ ವೆಡಾಲಿಯ ಹುಳುವನ್ನೇ ಇಲ್ಲಿಗೂ ತರಿಸಿ ಬಿಡಲಾಯಿತು, ಗುಣವೂ ಕಂಡುಬಂದಿತು. ಗುಲಗಂಜಿ ಹುಳುವಿನ ಉಪಾಯವು ಈ ದೇಶದ ಮಣ್ಣಿಗೆ ಹೊಂದುವುದಿಲ್ಲವೆಂಬ ಮಾತಿಗೆ ಇದರಿಂದ ಆಸ್ಪದವಿಲ್ಲದಂತಾಯಿತು. ಯಾವ ವೈರಿಗೆ ಯಾವ ಹುಳು ಎಂಬ ವಿವೇಕವೊಂದೇ ಬೇಕಾಗಿತ್ತು.

ವಿಷದ ಯುಗ ಮತ್ತು ಮರುಶೋಧನೆ

ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಮೊದಲಾದ ರಾಸಾಯನಿಕ ವಿಷಗಳು ಸುಲಭವಾಗಿ ದೊರೆಯತೊಡಗಿದವು. ಹುಳುವನ್ನು ಹುಳುವಿನಿಂದ ಅಡಗಿಸುವ ನಿಧಾನವಾದ ಮಾರ್ಗದಲ್ಲಿ ಜನರ ಆಸಕ್ತಿ ಇಳಿಯಿತು. ಆದರೆ ವಿಷಕ್ಕೆ ಮಿತ್ರಶತ್ರುಗಳೆಂಬ ಭೇದವಿಲ್ಲ. ಹಿಟ್ಟು ತಿಗಣೆಯು ಮೇಣದ ಹೊದಿಕೆಯೊಳಗೆ, ತೊಗಟೆಯ ಬಿರುಕಿನಲ್ಲಿ, ಸುರುಟಿದ ಎಲೆಯ ಮಡಿಕೆಯಲ್ಲಿ ಅವಿತು ಬದುಕಿಕೊಳ್ಳುತ್ತದೆ. ತೆರೆದ ಮೈಯಲ್ಲಿ ಓಡಾಡುವ ಗುಲಗಂಜಿ ಹುಳು ಮೊದಲು ಸಾಯುತ್ತದೆ. ಕಾವಲುಗಾರನು ಅಳಿದ ಮೇಲೆ ಕಳ್ಳನಿಗೆ ತಡೆಯೆಲ್ಲಿ? ಸಿಂಪಡಿಸಿದ ತೋಟದಲ್ಲಿಯೇ ತಿಗಣೆಯು ಮೊದಲಿಗಿಂತ ಹೆಚ್ಚಾಗಿ ಮರುಕಳಿಸಿದ ಅನುಭವ ಅನೇಕ ದೇಶಗಳಲ್ಲಿ ಆಯಿತು.

ಈ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲಿ ನಡೆದ ಕಾರ್ಯವು ಸ್ಮರಣೀಯವಾದುದು. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಶಾಖೆಯು 1957ರಲ್ಲಿ ಅಲ್ಲಿ ಪ್ರಾರಂಭವಾಯಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1977ರಲ್ಲಿ ಜೈವಿಕ ನಿಯಂತ್ರಣಕ್ಕಾಗಿಯೇ ಅಖಿಲ ಭಾರತ ಯೋಜನೆಯೊಂದನ್ನು ಕೈಗೊಂಡಿತು. ಮುಂದೆ 1993ರಲ್ಲಿ ಅದು ಬೆಂಗಳೂರಿನಲ್ಲಿ ನಿರ್ದೇಶನಾಲಯವಾಗಿ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೆಂಬ ಹೆಸರಿನಿಂದ ನಡೆಯುತ್ತಿದೆ.

1970ರ ದಶಕದಲ್ಲಿ ಕರ್ನಾಟಕದ ಕಾಫಿ ಮತ್ತು ಕಿತ್ತಳೆ ತೋಟಗಳಲ್ಲಿ ಹಿಟ್ಟು ತಿಗಣೆಗಳನ್ನು ಪರೀಕ್ಷಿಸುತ್ತಿದ್ದ ಶಾಸ್ತ್ರಜ್ಞರ ಕಣ್ಣಿಗೆ ಕಿತ್ತಳೆ ಬಣ್ಣದ ತಲೆ, ಕಂದುಗಪ್ಪು ಬೆನ್ನು ಉಳ್ಳ ದುಂಬಿಯೊಂದು ಬಿದ್ದಿತು. ಅದು 1898ರ ಅತಿಥಿಯ ಸಂತತಿಯೇ ಆಗಿತ್ತು. ಕಾಫಿಯ ಹಿಟ್ಟು ತಿಗಣೆಗೆ ಈ ಹುಳುವು ಸಹಜ ಶತ್ರುವೆಂಬ ವರದಿಯು ಕಾಫಿ ಸಂಶೋಧಕರಿಂದ 1978ರಲ್ಲಿ ಪ್ರಕಟವಾಯಿತು. ಹಸಿರು ಶಲ್ಕ ಕೀಟದ ಮುಂದೆ ಸೋತಿದ್ದ ಹುಳು, ತನಗೊಪ್ಪುವ ಎದುರಾಳಿಯ ಮುಂದೆ ಗೆಲ್ಲಬಲ್ಲುದೆಂದು ಹೀಗೆ ಸಿದ್ಧವಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮತ್ತು ಕೊಡಗಿನ ಚೆಟ್ಟಳ್ಳಿಯ ಪ್ರಯೋಗ ಕೇಂದ್ರಗಳು ದ್ರಾಕ್ಷಿ, ಕಿತ್ತಳೆ, ಸೀಬೆ ಮೊದಲಾದ ಬೆಳೆಗಳಲ್ಲಿ ಇದನ್ನು ಬಿಟ್ಟು ಪರೀಕ್ಷಿಸಿ ಒಳ್ಳೆಯ ಫಲವನ್ನು ಕಂಡವು.

ಮೈಸೂರಿನ ಸೊಪ್ಪಿನ ಸಮಸ್ಯೆ

ಈಗ ನಾವು ಮೈಸೂರಿಗೆ ಮರಳೋಣ. ರೇಷ್ಮೆ ಹುಳುವೂ ಈ ಸೀಮೆಗೆ ಅತಿಥಿಯಾಗಿಯೇ ಬಂದುದು. ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆ ಹುಳುಗಳನ್ನು ತರಿಸಲು ಆಳುಗಳನ್ನು ಕಳುಹಿಸಿದ್ದ ಸಂಗತಿ 1786ರ ಅವನ ಪತ್ರದಿಂದ ತಿಳಿಯುತ್ತದೆ. ಅಲ್ಲಿಂದ ಮುಂದೆ ಹಿಪ್ಪುನೇರಳೆ ಮೈಸೂರು ಸೀಮೆಯ ಹೊಲಗಳಲ್ಲಿ ಬೇರೂರಿತು. ಸ್ವಾತಂತ್ರ್ಯಾನಂತರ ಕೇಂದ್ರೀಯ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 1961ರಲ್ಲಿ ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ತಲೆಯೆತ್ತಿತು. ನೇಯ್ಗೆಯ ಕಾರ್ಖಾನೆಯಿರುವ ಮಾನಂದವಾಡಿ ರಸ್ತೆಯಲ್ಲಿಯೇ, ಶ್ರೀರಾಂಪುರದ ಬಳಿ, ಈ ಸಂಸ್ಥೆಯೂ ಇದೆ. ರೈತರು ವಿ-1 ಎಂದು ಕರೆಯುವ, 1997ರಲ್ಲಿ ಬಿಡುಗಡೆಯಾದ ಹಿಪ್ಪುನೇರಳೆ ತಳಿ ಇಲ್ಲಿಯದೇ.

ಹಿಪ್ಪುನೇರಳೆಯ ಕುಡಿ ಒಮ್ಮೊಮ್ಮೆ ಮುದುಡಿ, ಎಲೆಗಳು ದಪ್ಪಗಾಗಿ ಸುಕ್ಕುಗಟ್ಟಿ, ಗೆಣ್ಣುಗಳ ಅಂತರ ಕುಗ್ಗಿ, ಗಿಡದ ತುದಿ ಮುಷ್ಟಿ ಹಿಡಿದಂತೆ ಆಗುತ್ತದೆ. ಇದನ್ನು ತುಕ್ರ ರೋಗವೆಂದು ಕರೆಯುತ್ತಾರೆ. ರೋಗವೆಂಬ ಹೆಸರು ಬಂದಿದ್ದರೂ ಇದು ಬೂಜಿನಿಂದಾಗಲಿ ಅಣುಜೀವಿಯಿಂದಾಗಲಿ ಬರುವುದಲ್ಲ. ಗುಲಾಬಿ ಮೈಬಣ್ಣದ ಒಂದು ಹಿಟ್ಟು ತಿಗಣೆಯು ರಸ ಹೀರುವಾಗ ಚುಚ್ಚುವ ಜೊಲ್ಲಿನ ನಂಜಿನಿಂದ ಕುಡಿ ಹೀಗೆ ವಿಕಾರಗೊಳ್ಳುತ್ತದೆ. ಬಿಹಾರದ ಪೂಸಾದಲ್ಲಿ 1919ರಲ್ಲಿ ನಡೆದ ಕೀಟಶಾಸ್ತ್ರಜ್ಞರ ಸಮ್ಮೇಳನದಲ್ಲಿಯೇ ಹಿಪ್ಪುನೇರಳೆಯ ತುಕ್ರವನ್ನು ಕುರಿತು ಸಿ. ಎಸ್. ಮಿಶ್ರ ಅವರು ಪ್ರಬಂಧವನ್ನು ಮಂಡಿಸಿದ್ದರು. ಇದರ ಹಾವಳಿ ಬೇಸಗೆಯಲ್ಲಿ ಅಧಿಕ. ಸೊಪ್ಪಿನ ತೂಕ ಇಳಿಯುತ್ತದೆ, ಸತ್ತ್ವವೂ ಕುಂದುತ್ತದೆ. ಅಂತಹ ಸೊಪ್ಪನ್ನು ಮೇದ ಹುಳುವಿನ ಗೂಡು ಹಗುರವಾಗುತ್ತದೆ.

ಬೇರೆ ಬೆಳೆಯಾಗಿದ್ದರೆ ವಿಷ ಸಿಂಪಡಿಸಿ ಕೈತೊಳೆದುಕೊಳ್ಳುತ್ತಿದ್ದರು. ಇಲ್ಲಿ ಅದು ಸುಲಭಸಾಧ್ಯವಲ್ಲ. ಏಕೆಂದರೆ ಸೊಪ್ಪನ್ನು ತಿನ್ನುವ ರೇಷ್ಮೆ ಹುಳುವೂ ಒಂದು ಕೀಟವೇ. ತಿಗಣೆಯನ್ನು ಕೊಲ್ಲುವ ವಿಷದ ಶೇಷವು ಸೊಪ್ಪಿನಲ್ಲಿ ಉಳಿದರೆ, ಸಹಸ್ರಾರು ವರ್ಷಗಳ ಸಾಕಣೆಯಿಂದ ಮೃದುವಾದ ಈ ಹುಳು ತಾಳಲಾರದು. ಡೈಕ್ಲೋರ್‌ವಾಸ್ ಎಂಬ ಬೇಗ ಆರಿಹೋಗುವ ವಿಷವನ್ನು ಸಿಂಪಡಿಸಿ, ಸುಮಾರು ಎರಡು ವಾರ ಕಾದು ಸೊಪ್ಪು ಕೊಯ್ಯುವ ಪದ್ಧತಿ ಬಹುಕಾಲ ಇತ್ತು. ಮೊಟ್ಟೆಯೊಡೆದ ದಿನದಿಂದ ಹುಳುವು ಚಂದ್ರಿಕೆಗೆ ಏರುವವರೆಗಿನ ಅವಧಿ ಸುಮಾರು 25 ದಿನ. ಅದು ತಿನ್ನುವ ಸೊಪ್ಪಿನ ಬಹುಪಾಲು ನಾಲ್ಕನೆಯ ಜ್ವರ ಎದ್ದ ಮೇಲಿನ ಕೊನೆಯ ವಾರದಲ್ಲಿಯೇ ಬೇಕು. ನೀರಾವರಿಯ ತೋಟದಲ್ಲಿ ವರ್ಷಕ್ಕೆ ಐದಾರು ಬೆಳೆ ತೆಗೆಯುವ ರೈತನಿಗೆ ಪ್ರತಿ ಸಾರಿ ಎರಡು ವಾರ ಕಾಯುವುದೆಂದರೆ ಬೆಳೆಯ ಲೆಕ್ಕವೇ ಏರುಪೇರಾಗುವುದು. ಪಕ್ಕದ ಹೊಲದವನು ಸಿಂಪಡಿಸಿದ ವಿಷ ಗಾಳಿಯಲ್ಲಿ ತೇಲಿ ಬಂದು ಹಣ್ಣಾಗುವ ಹುಳುಗಳೆಲ್ಲ ಸತ್ತರೆ, ಒಂದು ಮನೆಯ ಆ ಬೆಳೆಯ ವರಮಾನವೇ ಹೋಯಿತು. ಆ ಡೈಕ್ಲೋರ್‌ವಾಸ್ ವಿಷವನ್ನೂ ಭಾರತ ಸರ್ಕಾರವು 2020ರ ಅಂತ್ಯದಿಂದ ನಿಷೇಧಿಸಿದೆ.

ಇಂತಹ ಇಕ್ಕಟ್ಟಿನಲ್ಲಿ ಕ್ರಿಪ್ಟೋಲೀಮಸ್ ಹುಳುವಿನ ಬೆಲೆ ಪೂರ್ಣವಾಗಿ ಅರಿವಾಯಿತು. ಅದು ತಿಗಣೆಯನ್ನು ತಿನ್ನುತ್ತದೆ, ಸೊಪ್ಪನ್ನು ಮುಟ್ಟುವುದಿಲ್ಲ. ಸೊಪ್ಪಿನಲ್ಲಿ ಯಾವ ಶೇಷವನ್ನೂ ಬಿಡುವುದಿಲ್ಲ. ಮೈಸೂರಿನ ಸಂಸ್ಥೆಯ ಶಿಫಾರಸಿನಂತೆ ಎಕರೆಯೊಂದಕ್ಕೆ 250 ದುಂಬಿಗಳನ್ನು, ಆರು ತಿಂಗಳ ಅಂತರದಲ್ಲಿ ಎರಡು ಕಂತುಗಳಾಗಿ ಬಿಟ್ಟರೆ ಸಾಕು. ಇದಕ್ಕೆ ಬದಲಾಗಿ ಸಿಮ್ನಸ್ ಕಾಕ್ಸಿವೋರ ಎಂಬ, ನಮ್ಮ ದೇಶದ್ದೇ ಆದ ಇನ್ನೂ ಚಿಕ್ಕ ಗುಲಗಂಜಿ ಹುಳುವನ್ನು ಎಕರೆಗೆ 500ರಂತೆ ಬಿಡಬಹುದು. ಇದರೊಡನೆ ಮುದುಡಿದ ಕುಡಿಗಳನ್ನು ಚಿವುಟಿ ನಾಶಪಡಿಸುವ ಹಳೆಯ ಕ್ರಮವನ್ನೂ ಸಂಸ್ಥೆಯು ಬೋಧಿಸುತ್ತದೆ.

ಕುಂಬಳಕಾಯಿಯ ಮೇಲಿನ ಸಾಕಣೆ

ಸಾವಿರಾರು ದುಂಬಿಗಳನ್ನು ಒದಗಿಸುವುದು ಹೇಗೆ? ಕ್ಯಾಲಿಫೋರ್ನಿಯದವರು ಆಲೂಗೆಡ್ಡೆಯ ಮೊಳಕೆಗಳ ಮೇಲೆ ಹಿಟ್ಟು ತಿಗಣೆಯನ್ನು ಬೆಳೆಸಿ, ಅದರ ಮೇಲೆ ದುಂಬಿಯನ್ನು ಸಾಕುತ್ತಿದ್ದರು. ನಮ್ಮಲ್ಲಿ ಆ ಸ್ಥಾನಕ್ಕೆ ಸಿಹಿಗುಂಬಳ ಬಂದಿತು. ತೊಟ್ಟಿರುವ ಬಲಿತ ಕಾಯಿಯನ್ನು ತೊಳೆದು ಒಣಗಿಸಿ, ಜಾಲರಿಯ ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆ ತಿಗಣೆಯ ಮೊಟ್ಟೆಚೀಲಗಳನ್ನು ಇಡುತ್ತಾರೆ. ಸುಮಾರು ಎರಡು ವಾರಗಳಲ್ಲಿ ಕಾಯಿ ಬೆಳ್ಳಗೆ ಹಿಟ್ಟು ಮೆತ್ತಿದಂತಾಗುತ್ತದೆ. ಆಗ ದುಂಬಿಗಳನ್ನು ಒಳಗೆ ಬಿಟ್ಟು ಮೊಟ್ಟೆಯಿಡಿಸಿ ತೆಗೆಯುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಹೊಸ ಪೀಳಿಗೆಯ ದುಂಬಿಗಳು ಹೊರಬರುತ್ತವೆ. ಅಡುಗೆಮನೆಯ ಕಾಯಿಯೊಂದು ಪ್ರಯೋಗಶಾಲೆಯ ಪಾತ್ರೆಯಾದುದರಿಂದಲೇ ಈ ವಿದ್ಯೆಯು ಹಳ್ಳಿಯವರ ಕೈಗೆ ಎಟುಕುವಂತಾಯಿತು.

ಮಿತ್ರನನ್ನು ಗುರುತಿಸುವ ಕಷ್ಟ

ಇಷ್ಟಾದರೂ ಈ ಉಪಾಯಕ್ಕೆ ಒಂದು ವಿಚಿತ್ರವಾದ ತೊಡಕು ಉಂಟು. ಬೆಳೆದ ದುಂಬಿಯನ್ನು ಗುರುತಿಸುವುದು ಕಷ್ಟವಲ್ಲ. ಆದರೆ ಅದರ ಮರಿಹುಳುವು ಮೈತುಂಬ ಬಿಳಿಯ ಮೇಣದ ಕುಚ್ಚುಗಳನ್ನು ಹೊತ್ತು, ನೋಡಲು ಥೇಟ್ ಹಿಟ್ಟು ತಿಗಣೆಯಂತೆಯೇ ಇರುತ್ತದೆ. ಈ ವೇಷವು ತಿಗಣೆಯನ್ನು ಕಾಯುವ ಇರುವೆಗಳಿಂದ ಅದಕ್ಕೆ ರಕ್ಷಣೆ ನೀಡುತ್ತದೆ. ವೈರಿಯ ಕಾವಲುಗಾರರನ್ನು ವಂಚಿಸುವ ವೇಷವೇ ಅದನ್ನು ಕರೆತಂದ ರೈತನನ್ನೂ ವಂಚಿಸುತ್ತದೆ. ದೊಡ್ಡ ತಿಗಣೆಗಳು ಬಂದಿವೆಯೆಂದು ಹೆದರಿ, ಬಿಟ್ಟ ಹುಳುಗಳ ಸಂತತಿಯನ್ನೇ ಕೈಯಾರೆ ಕೊಲ್ಲುವ, ಅಥವಾ ವಿಷ ಸಿಂಪಡಿಸುವ ಅಪಾಯ ಇದರಿಂದ ಉಂಟಾಗುತ್ತದೆ. ಗುರುತಿಸುವ ಲಕ್ಷಣ ಸರಳವಾದುದು: ಬಲಿತ ಮರಿಹುಳು ತಿಗಣೆಗಿಂತ ಬಹಳ ದೊಡ್ಡದು, ಒಂದು ಸೆಂಟಿಮೀಟರಿಗೂ ಮಿಗಿಲಾದ ಉದ್ದವಿರುತ್ತದೆ, ಮುಟ್ಟಿದರೆ ಚುರುಕಾಗಿ ಸರಿಯುತ್ತದೆ. ತಿಗಣೆಯಾದರೋ ಇದ್ದಲ್ಲಿಯೇ ಮಂದವಾಗಿ ಬಿದ್ದಿರುತ್ತದೆ.

ಉಪಾಯದ ಮಿತಿಗಳನ್ನೂ ಹೇಳುವುದು ನ್ಯಾಯ. ಪಪ್ಪಾಯಿಯ ಹಿಟ್ಟು ತಿಗಣೆಯೆಂಬ ಹೊಸ ಪೀಡೆಯು 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಹಿಪ್ಪುನೇರಳೆಯ ತೋಟಗಳಿಗೂ ಹಬ್ಬಿದಾಗ, ಅದನ್ನು ಅಡಗಿಸಿದ ಶ್ರೇಯಸ್ಸು ಮುಖ್ಯವಾಗಿ ಬೆಂಗಳೂರಿನ ಸಂಸ್ಥೆಯು 2010ರಲ್ಲಿ ಪೋರ್ಟೊ ರಿಕೊ ದ್ವೀಪದಿಂದ ತರಿಸಿದ ಒಂದು ಪುಟ್ಟ ಪರತಂತ್ರ ಕಣಜಕ್ಕೆ ಸಲ್ಲುತ್ತದೆ. ಇನ್ನು ದಕ್ಷಿಣ ಆಫ್ರಿಕದಲ್ಲಿ ಪಾಪಾಸುಕಳ್ಳಿಯನ್ನು ನಾಶಮಾಡಲು ಕಾಚಿನಿಯಲ್ ಕೀಟವನ್ನು ಬಿಟ್ಟಾಗ, ಕ್ರಿಪ್ಟೋಲೀಮಸ್ ಹುಳುವು ಆ ಉಪಕಾರಿ ಕೀಟವನ್ನೇ ತಿಂದು ಕೆಲಸ ಕೆಡಿಸಿತು. ಹುಳುವಿನ ಸ್ವಭಾವ ಎರಡೂ ಕಡೆ ಒಂದೇ. ಸ್ಥಳವೂ ಸಂದರ್ಭವೂ ಬೇರೆ. ಮಿತ್ರತ್ವ ಶತ್ರುತ್ವಗಳು ನಮ್ಮ ಪ್ರಯೋಜನದ ಕಡೆಯಿಂದ ನಾವು ಕೊಟ್ಟ ಹೆಸರುಗಳು ಮಾತ್ರ.

ಋಣ ತೀರಿಸಿದ ಬಗೆ

1938ರಲ್ಲಿ ಭಾರತದಿಂದ ಕಳುಹಿಸಿದ ಕೈಲೋಕೋರಸ್ ನೈಗ್ರಿಟಸ್ ಎಂಬ ಹೊಳೆಯುವ ಕಪ್ಪು ಗುಲಗಂಜಿ ಹುಳುವು ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿ ತೆಂಗಿನ ಶಲ್ಕ ಕೀಟಗಳನ್ನು ಹತೋಟಿಗೆ ತಂದಿತು. ತರುವಾಯ 1990ರ ದಶಕದಲ್ಲಿ, ನಮ್ಮ ಹಿಪ್ಪುನೇರಳೆಯನ್ನು ಬಾಧಿಸುವ ಅದೇ ಗುಲಾಬಿ ಹಿಟ್ಟು ತಿಗಣೆಯು ಕೆರಿಬಿಯನ್ ಸಮುದ್ರದ ದ್ವೀಪಗಳನ್ನು ಮುತ್ತಿತು. ಆಗ, 1996ರಲ್ಲಿ, ಟ್ರಿನಿಡಾಡ್ ದ್ವೀಪಕ್ಕೆ ಕ್ರಿಪ್ಟೋಲೀಮಸ್ ಹುಳುವನ್ನು ಕಳುಹಿಸಿಕೊಟ್ಟುದು ಭಾರತ. ಆಸ್ಟ್ರೇಲಿಯಾದಿಂದ ಬಂದು, ಸೋತಿತೆಂದು ತಳ್ಳಲ್ಪಟ್ಟು, ಸುಮಾರು ನೂರು ವರ್ಷ ನಮ್ಮ ನೆಲದ ಅನ್ನವುಂಡ ಹುಳು, ನಮ್ಮ ದೇಶದ ಹೆಸರಿನಿಂದ ಬೇರೊಂದು ದೇಶದ ಸಂಕಟಕ್ಕೆ ಒದಗಿತು.

ಚರಿತ್ರೆಯನ್ನು ಬರೆಯುವವರು ಗೆಲುವುಗಳನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಸೋಲುಗಳನ್ನೂ ಕಾಪಿಡಬೇಕೆಂಬುದನ್ನು ಈ ವೃತ್ತಾಂತವು ತೋರಿಸುತ್ತದೆ. 1898ರ ಪ್ರಯತ್ನವನ್ನು ಯಾರೂ ಬರೆದಿಡದೆ ಹೋಗಿದ್ದರೆ, 1970ರ ದಶಕದಲ್ಲಿ ಸಿಕ್ಕ ದುಂಬಿಯು ಎಲ್ಲಿಯದು, ಏಕೆ ಬಂದಿತು, ಏಕೆ ಸೋತಿತು ಎಂಬ ಪ್ರಶ್ನೆಗಳಿಗೆ ಉತ್ತರವಿರುತ್ತಿರಲಿಲ್ಲ. ಸೋಲಿನ ಕಾರಣವನ್ನು ತಿಳಿದುದೇ ಗೆಲುವಿನ ದಾರಿಯಾಯಿತು.

ಗುಲಾಬಿ ಹಿಟ್ಟು ತಿಗಣೆಯು ಹಿಪ್ಪುನೇರಳೆಯನ್ನು ಮಾತ್ರ ಆಶ್ರಯಿಸುವುದಲ್ಲ; ದಾಸವಾಳವೂ ಅದಕ್ಕೆ ಬಹು ಪ್ರಿಯವಾದ ಗಿಡ. ಮೈಸೂರಿನ ಹಳೆಯ ಮನೆಗಳ ಹಿತ್ತಿಲಲ್ಲಿ ಪೂಜೆಯ ಹೂವಿಗಾಗಿ ದಾಸವಾಳವನ್ನು ಬೆಳೆಸುವ ವಾಡಿಕೆ ಇಂದಿಗೂ ಇದೆ. ಮುದುಡಿದ ಕುಡಿಯಲ್ಲಿ ಬಿಳಿಯ ಹಿಟ್ಟು ಕಂಡಾಗ ವಿಷದ ಶೀಸೆಗೆ ಕೈಹಾಕುವ ಮೊದಲು ಒಂದು ಗಳಿಗೆ ನಿಂತು ನೋಡುವುದು ಒಳ್ಳೆಯದು. ಆ ಬಿಳಿಯ ರಾಶಿಯಲ್ಲಿ ಒಂದು ಚುರುಕಾಗಿ ಚಲಿಸುತ್ತಿದ್ದರೆ, ಅದನ್ನು ಅದರ ಪಾಡಿಗೆ ಬಿಡಬೇಕು. ಅದು ತನ್ನ ಕೆಲಸದಲ್ಲಿ ತೊಡಗಿದೆ.